ಮಗಳು ಜೂಡೊ ಕಲೀತೀನಿ ಅಂದ್ರೆ...

ಸಂಜೆ ರೊಟ್ಟಿ ಬಡಿಯೋ ಹೊತ್ತು ಅಂದುಕೊಳ್ಳಿ. ನೀವು ಹರ್ತಿಯಲ್ಲಿದ್ದೀರಿ. ಎಂಟನೇ ಕ್ಲಾಸಿನ ಮಗಳು ಮೊಬೈಲ್ ಹಿಡಕೊಂಡು ಒಲೆ ಹತ್ತಿರ ಬಂದು ಕೂರ್ತಾಳೆ. ‘ಅವ್ವಾ, ಇಲ್ಲಿ ನೋಡಬಾ. ಹೆಣ್ಣುಮಕ್ಕಳು ಹೆಂಗ ಎತ್ತಿ ಒಗೀತಾರ ನೋಡು’ ಅಂತಾಳೆ. ಬಿಳಿ ಅಂಗಿ, ನೀಲಿ ಅಂಗಿ ತೊಟ್ಟ ಇಬ್ಬರು ಕಾಲರ್ ಹಿಡಿದು ಎಳೆದಾಡುತ್ತಿರುತ್ತಾರೆ. ಕಣ್ಣು ಪಿಳಕಿಸುವಷ್ಟರಲ್ಲಿ ಒಬ್ಬಳು ಇನ್ನೊಬ್ಬಳ ಬೆನ್ನ ಮೇಲಿಂದ ಹಾರಿ ಧಪ್ಪಂತ ಬೀಳ್ತಾಳೆ. ಬಿದ್ದವಳು ಎದ್ದು ಅಂಗಿ ಸರಿಮಾಡ್ಕೊಂಡು, ಕೆಡವಿದವಳಿಗೇ ತಲೆಬಾಗಿ ನಮಸ್ಕಾರ ಮಾಡ್ತಾಳೆ. ‘ನಾನೂ ಇದನ್ನ ಕಲೀತೀನಿ’ ಅಂತಾಳೆ ಮಗಳು. ಒಳಗಿನ ಕೋಣೆಯಿಂದ ಅತ್ತೆಯವರ ದನಿ: ‘ಕೈಕಾಲು ಮುರಕೊಂಡ್ರ ನಾಳೆ ಮದಿವಿ ಯಾರ ಮಾಡ್ಕೋತಾರ?’

ಈಗ ನೀವೇನು ಹೇಳ್ತೀರಿ? ‘ಸುಮ್ನೆ ಹೋಗಿ ಓದ್ಕೋ’ ಅನ್ನೋದು ಸುಲಭ. ‘ಆಗಲಿ’ ಅನ್ನೋದೂ ಸುಲಭವೇ, ಯಾಕಂದ್ರೆ ನಾಲ್ಕು ದಿನದಲ್ಲಿ ಮರೀತಾಳೆ ಅನ್ನೋ ನಂಬಿಕೆ ನಿಮಗಿರುತ್ತೆ. ಮರೆಯದೇ ಹೋದ್ರೆ? ಹಾಗಾಗಿ ಉತ್ತರ ಕೊಡೋ ಮುಂಚೆ ಅವಳು ನೋಡಿದ್ದು ಏನು, ಅದರಲ್ಲಿ ಅಪಾಯ ಎಷ್ಟು, ನಮ್ಮ ಗದಗ-ಬೆಟಗೇರಿ ಕಡೆಯ ಹುಡುಗಿಗೆ ದಾರಿ ಎಲ್ಲಿದೆ ಅಂತ ಒಮ್ಮೆ ಕೂತು ತಿಳಿದುಕೊಳ್ಳೋಣ.

ಜೂಡೊ ಅಂದ್ರೆ ಕರಾಟೆ ಅಲ್ಲ. ಇಲ್ಲಿ ಗುದ್ದೋದು, ಒದೆಯೋದು ಇಲ್ಲವೇ ಇಲ್ಲ. ನಮ್ಮ ಕುಸ್ತಿಗೆ ಹತ್ತಿರದ ಆಟ. ಗರಡಿ ಮನೆಯಲ್ಲಿ ‘ಚಿತ್’ ಅಂತಾರಲ್ಲ, ಹಾಗೆ ಎದುರಾಳಿಯನ್ನು ಜೋರಾಗಿ, ಹಿಡಿತ ತಪ್ಪದಂತೆ ಬೆನ್ನ ಮೇಲೆ ಕೆಡವಿದರೆ ಅದು ‘ಇಪ್ಪೋನ್’. ಅಲ್ಲಿಗೆ ಆಟ ಮುಗೀತು. ನೆಲದ ಮೇಲೆ 20 ಸೆಕೆಂಡು ಅದುಮಿ ಹಿಡಿದರೂ ಗೆಲುವೇ. ಕುಸ್ತಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದ್ರೆ ಕಾಲಿಗೆ ಕೈ ಹಾಕುವಂತಿಲ್ಲ. ದಪ್ಪ ಹತ್ತಿಬಟ್ಟೆಯ ಅಂಗಿ ಹಿಡಿದೇ ಪಟ್ಟು ಹಾಕಬೇಕು. ಹೆಂಗಸರಿಗೂ ಗಂಡಸರಿಗೂ ಈಗ ಒಂದೇ ಅವಧಿ, 4 ನಿಮಿಷ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರಿಗೆ 7 ತೂಕದ ವಿಭಾಗ, ಹೆಂಗಸರಿಗೂ 7. ಹೆಂಗಸರದು 48 ಕೆ.ಜಿ.ಯಿಂದ ಶುರುವಾಗಿ 78 ಕೆ.ಜಿ. ಮೇಲಿನವರೆಗೆ. ಅಂದ್ರೆ ಸಣ್ಣಗಿರೋ ಹುಡುಗಿಗೂ ಜಾಗ ಇದೆ, ‘ದಪ್ಪಗಿದ್ದಾಳೆ’ ಅಂತ ಎಲ್ಲರ ಬಾಯಲ್ಲಿ ಅನ್ನಿಸಿಕೊಂಡು ಅಳೋ ಹುಡುಗಿಗೂ ಜಾಗ ಇದೆ. ಎರಡನೆಯದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನೂ ಒಂದಿದೆ. ಮಿಶ್ರ ತಂಡದ ಸ್ಪರ್ಧೆ. ಮೂವರು ಗಂಡಸರು, ಮೂವರು ಹೆಂಗಸರು ಒಂದು ತಂಡ. ಹೆಂಗಸರು ಹೆಂಗಸರ ಜೊತೆ, ಗಂಡಸರು ಗಂಡಸರ ಜೊತೆ ಆಡಿದರೂ ಲೆಕ್ಕ ಒಂದೇ ಪುಸ್ತಕಕ್ಕೆ ಸೇರುತ್ತೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅಂದ್ರೆ 2021ರಲ್ಲಿ, ಮೊದಲ ಸಲ ಇದನ್ನು ಆಡಿಸಿದರು. ಫ್ರಾನ್ಸ್ ತಂಡ ಜಪಾನನ್ನು ಜಪಾನಿನಲ್ಲೇ ಸೋಲಿಸಿತು! 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಅದೇ ಎರಡು ದೇಶ ಫೈನಲ್‌ಗೆ ಬಂದವು. ಫ್ರಾನ್ಸ್ 1-3ರಿಂದ ಹಿಂದಿತ್ತು. ಇನ್ನೊಂದು ಸೋತಿದ್ದರೆ ಕಥೆ ಮುಗೀತಿತ್ತು. ಗಾಬಾ ಎಂಬ ಹುಡುಗ ಒಂದು ಗೆದ್ದ. ಆಮೇಲೆ ಬಂದವರು ಕ್ಲಾರಿಸ್ ಅಗ್ಬೆನ್ಯೂ. ಅವರು ಗೆದ್ದು 3-3 ಮಾಡಿದರು. ಕೊನೆಯ ಪಂದ್ಯಕ್ಕೆ ಚೀಟಿ ಎತ್ತಿದಾಗ ಬಂದದ್ದು ಭಾರೀ ತೂಕದ ಗಂಡಸರ ವಿಭಾಗ. ಟೆಡ್ಡಿ ರಿನೆರ್ ಗೆದ್ದು ಚಿನ್ನ ತಂದರು. ಪೇಪರಿನಲ್ಲಿ ದೊಡ್ಡದಾಗಿ ಬಂದದ್ದು ರಿನೆರ್ ಫೋಟೋ. ಆದರೆ ಹಿಂದಿನ ಪಂದ್ಯ ಆ ಹೆಂಗಸು ಗೆಲ್ಲದಿದ್ದರೆ ಅವರಿಗೆ ಆ ಕೊನೆಯ ಅವಕಾಶವೇ ಇರ್ತಿರಲಿಲ್ಲ, ಅಲ್ವಾ?

ಅಗ್ಬೆನ್ಯೂ ಅವರ ವಿಷಯ ಅತ್ತೆಯವರಿಗೂ ಕೇಳಿಸುವ ಹಾಗೆ ಹೇಳಬೇಕು. 2022ರ ಜೂನ್‌ನಲ್ಲಿ ಅವರಿಗೆ ಹೆಣ್ಣುಮಗು ಆಯಿತು. ಮಗುವಿಗೆ ಹಾಲು ಕುಡಿಸುತ್ತಲೇ ತಾಲೀಮಿಗೆ ಮರಳಿದರು. ಮರುವರ್ಷ, 2023ರಲ್ಲಿ, ದೋಹಾದಲ್ಲಿ ವಿಶ್ವ ಚಾಂಪಿಯನ್ ಆದರು. ಅದು ಅವರ 6ನೇ ವಿಶ್ವ ಪ್ರಶಸ್ತಿ. ಜಪಾನಿನ ರ್‍ಯೋಕೊ ತಾನಿ ಅವರದೂ ಇಂಥದ್ದೇ ಕಥೆ. 48 ಕೆ.ಜಿ. ವಿಭಾಗದಲ್ಲಿ 5 ಒಲಿಂಪಿಕ್ಸ್ ಆಡಿ ಐದರಲ್ಲೂ ಪದಕ ತಂದವರು. ಮದುವೆಗೆ ಮುಂಚೆ ಚಿನ್ನ, ಮದುವೆ ಆದಮೇಲೆ ಚಿನ್ನ, ಮಗುವಾದ ಮೇಲೆ 2007ರಲ್ಲಿ ವಿಶ್ವ ಪ್ರಶಸ್ತಿ. ಮದುವೆ ಯಾರು ಮಾಡ್ಕೋತಾರೆ ಅನ್ನೋ ಪ್ರಶ್ನೆಗೆ ಇವರಿಬ್ಬರ ಮನೆಯಲ್ಲೇ ಉತ್ತರ ಇದೆ.

ಸುಮ್ಮನೆ ಸಿಕ್ಕಿದ್ದಲ್ಲ

ಹೆಂಗಸರು ಗಂಡಸರು ಒಂದೇ ಚಾಂಪಿಯನ್‌ಷಿಪ್‌ನಲ್ಲಿ ಆಡೋದು ಇವತ್ತು ನಿಮ್ಮ ಮಗಳಿಗೆ ಸಹಜ ಅನ್ನಿಸಬಹುದು. ಹಾಗಿರಲಿಲ್ಲ. ಕಾನೊ ಜಿಗೊರೊ ಎಂಬ ಮೇಷ್ಟ್ರು 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರೊಂದಿಗೆ ಜೂಡೊ ಶಾಲೆ ತೆರೆದರು. ಅದರ ಹೆಸರು ಕೊಡೊಕನ್. ಅಲ್ಲಿ ಹೆಂಗಸರ ವಿಭಾಗ ಶುರುವಾದದ್ದು 1926ರಲ್ಲಿ. ಕಲಿಯಬಹುದಿತ್ತು, ಆದರೆ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಕಾನೊ ಅವರ ಗುರುಗಳ ಮೊಮ್ಮಗಳು ಕೈಕೊ ಫುಕುದಾ ಜೀವನಪೂರ್ತಿ ಜೂಡೊ ಕಲಿಸಿದರು. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ 5ನೇ ಡಾನ್ ದರ್ಜೆಯಲ್ಲೇ ವರ್ಷಗಟ್ಟಲೆ ನಿಲ್ಲಬೇಕಾಯಿತು. ಅಮೆರಿಕದ ಜೂಡೊ ಸಂಸ್ಥೆ ಅವರಿಗೆ 10ನೇ ಡಾನ್ ಕೊಟ್ಟದ್ದು 2011ರಲ್ಲಿ, ಆಗ ಅವರಿಗೆ 98 ವರ್ಷ!

ನ್ಯೂಯಾರ್ಕಿನ ರಸ್ಟಿ ಕಾನೊಕೋಗಿ ಅವರದು ಇನ್ನೊಂದು ಕಥೆ. 1959ರಲ್ಲಿ ವೈಎಂಸಿಎ ನಡೆಸಿದ ರಾಜ್ಯ ಪಂದ್ಯಾವಳಿಯಲ್ಲಿ ಅವರ ತಂಡದ ಒಬ್ಬ ಗಂಡಸಿಗೆ ಗಾಯವಾಯಿತು. ಕೂದಲು ಗಿಡ್ಡ ಇತ್ತು, ಎದೆಗೆ ಬಟ್ಟೆ ಬಿಗಿದುಕೊಂಡು ಗಂಡಸಿನ ಹಾಗೆ ಇಳಿದೇಬಿಟ್ಟರು. ಗೆದ್ದರು. ಪದಕ ಕೊಟ್ಟ ಮೇಲೆ ಒಬ್ಬ ಅಧಿಕಾರಿ ಪಕ್ಕಕ್ಕೆ ಕರೆದು ‘ನೀನು ಹೆಣ್ಣಾ?’ ಅಂತ ಕೇಳಿದರು. ಸುಳ್ಳು ಹೇಳಲಿಲ್ಲ. ಪದಕ ವಾಪಸು ಕೊಡಬೇಕಾಯಿತು. ಅದೇ ಹೆಂಗಸು ಮನೆ ಅಡವಿಟ್ಟು ಹಣ ಹೊಂದಿಸಿ 1980ರಲ್ಲಿ ನ್ಯೂಯಾರ್ಕಿನಲ್ಲಿ ಹೆಂಗಸರ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದರು. 1987ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ಗಂಡಸರ, ಹೆಂಗಸರ ವಿಶ್ವ ಸ್ಪರ್ಧೆ ಮೊದಲ ಸಲ ಒಟ್ಟಿಗೇ ನಡೆಯಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆ ಅಂತ ಆಡಿಸಿ, 1992ರ ಬಾರ್ಸಿಲೋನಾದಲ್ಲಿ ಪದಕಕ್ಕೆ ಸೇರಿಸಿದರು. ಗಂಡಸರ ಜೂಡೊ ಒಲಿಂಪಿಕ್ಸ್‌ಗೆ ಬಂದದ್ದು 1964ರಲ್ಲಿ. ನಡುವೆ 28 ವರ್ಷ! ಕಾನೊಕೋಗಿ ಅವರಿಗೆ ವೈಎಂಸಿಎ ಚಿನ್ನದ ಪದಕ ಮರಳಿ ಕೊಟ್ಟದ್ದು 2009ರಲ್ಲಿ, ಸರಿಯಾಗಿ 50 ವರ್ಷದ ಮೇಲೆ. ಅದೇ ವರ್ಷ ಅವರು ತೀರಿಕೊಂಡರು.

ನಮ್ಮ ದೇಶದಲ್ಲಿ? ರವೀಂದ್ರನಾಥ ಟ್ಯಾಗೋರರು 1929ರಲ್ಲಿ ಶಾಂತಿನಿಕೇತನಕ್ಕೆ ಶಿಂಜೊ ತಕಾಗಾಕಿ ಎಂಬ ಜಪಾನಿ ಗುರುವನ್ನು ಕರೆಸಿದ್ದರು. ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ಕಲಿತರು. ನೊಬೆಲ್ ಪಡೆದ ಅಮರ್ತ್ಯ ಸೇನ್ ಅವರ ತಾಯಿ ಅಮಿತಾ ಸೇನ್ ಶಾಂತಿನಿಕೇತನದಲ್ಲಿ ಜೂಡೊ ಕಲಿತಿದ್ದರು ಅಂದ್ರೆ ನಂಬ್ತೀರಾ? ‘ನಮ್ಮ ಕಾಲದಾಗ ಇದೆಲ್ಲ ಇರಲಿಲ್ಲ’ ಅನ್ನೋ ಅಜ್ಜಿಯಂದಿರ ಕಾಲಕ್ಕಿಂತಲೂ ಹಿಂದಿನ ಮಾತಿದು.

ನಮ್ಮ ಮಲಪ್ರಭಾ, ತೋರಣಗಲ್ಲಿನ ಲಿಂಥೊಯ್

ದೂರದ ಕಥೆ ಸಾಕು. ಬೆಳಗಾವಿ ಪಕ್ಕದ ತುರಮುರಿ ಊರಿನ ರೈತರ ಮನೆಯ ಹುಡುಗಿ ಮಲಪ್ರಭಾ ಜಾಧವ್. ಹೆಸರೇ ನೋಡಿ, ನರಗುಂದ-ರೋಣದ ಕಡೆಯವರೆಲ್ಲ ಬಲ್ಲ ಹೊಳೆಯದು. ಬೆಳಗಾವಿಯ ಕ್ರೀಡಾ ವಸತಿನಿಲಯದಲ್ಲಿದ್ದು ಜೂಡೊ ಕಲಿತವರು. 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಕುರಾಷ್ ಅನ್ನೋ ಆಟ ಮೊದಲ ಸಲ ಬಂತು. ಉಜ್ಬೇಕಿಸ್ತಾನದ ಹಳ್ಳಿ ಕುಸ್ತಿ ಅದು. ಅಂಗಿ ಹಿಡಿದು ನಿಂತೇ ಕೆಡವಬೇಕು, ನೆಲದ ಮೇಲಿನ ಕಾದಾಟ ಇಲ್ಲ. ಜೂಡೊ ಗೊತ್ತಿದ್ದವರಿಗೆ ಒಗ್ಗುವ ಆಟ. ಮಲಪ್ರಭಾ 52 ಕೆ.ಜಿ. ವಿಭಾಗದಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಕಂಚು ತಂದರು. ಅದೇ ವಿಭಾಗದಲ್ಲಿ ದಿಲ್ಲಿಯ ಪಿಂಕಿ ಬಲ್ಹಾರಾಗೆ ಬೆಳ್ಳಿ. ಒಂದು ಆಟ ಕಲಿತರೆ ಅದು ಇನ್ನೊಂದು ಆಟದ ಬಾಗಿಲನ್ನೂ ತೆರೆಯುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಇನ್ನೊಬ್ಬಳು ಲಿಂಥೊಯ್ ಚನಂಬಮ್. ಮಣಿಪುರದವಳು. ಆದರೆ ತಾಲೀಮು ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಗದಗದಿಂದ ಬಳ್ಳಾರಿ ರೈಲು ಹತ್ತಿದರೆ ಕೊಪ್ಪಳ, ಹೊಸಪೇಟೆ ದಾಟಿ ಸಿಗೋ ಊರದು. ಜಾರ್ಜಿಯಾ ದೇಶದ ಕೋಚ್ ಮಮೂಕಾ ಅವರ ಕೈಯಲ್ಲಿ ಪಳಗಿದ ಈ ಹುಡುಗಿ 2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ನಡೆದ ಕೆಡೆಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 57 ಕೆ.ಜಿ. ವಿಭಾಗದ ಚಿನ್ನ ಗೆದ್ದಳು. ಆಗ ಅವಳಿಗೆ ಇನ್ನೂ 16. ಜೂಡೊದಲ್ಲಿ ಯಾವುದೇ ವಯಸ್ಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ, ಗಂಡಸರನ್ನೂ ಸೇರಿಸಿ, ಅದೇ ಮೊದಲ ಚಿನ್ನ. ಬಳ್ಳಾರಿ ಬಿಸಿಲಲ್ಲಿ ಬೆಳೆದ ಚಿನ್ನ ಅದು ಅಂತ ನನಗೆ ಒಳಗೊಳಗೇ ಹೆಮ್ಮೆ.

ಹಾಗಂತ ಎಲ್ಲರಿಗೂ ಹೂವಿನ ಹಾಸಿಗೆ ಅಲ್ಲ. ಮಣಿಪುರದವರೇ ಆದ ಸುಶೀಲಾದೇವಿ ಲಿಕ್ಮಾಬಮ್ 2014 ಮತ್ತು 2022ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ತಂದವರು. ಟೋಕಿಯೊ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಜೂಡೊ ಪಟು. ಅಲ್ಲಿಗೆ ಅರ್ಹತೆ ಪಡೆಯಲು ಊರೂರು ತಿರುಗಿ ಸ್ಪರ್ಧೆ ಆಡಬೇಕಿತ್ತು. ಖರ್ಚಿಗೆ ತಮ್ಮ ಕಾರನ್ನೇ ಮಾರಿದರು. ಟೋಕಿಯೊದಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಮರುವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಪದಕ. ಮಗಳಿಗೆ ಲಿಂಥೊಯ್ ಕಥೆ ಹೇಳುವಾಗ ಈ ಕಾರಿನ ಕಥೆಯನ್ನೂ ಹೇಳಿಬಿಡಿ.

ಇನ್ನು ನಿಮ್ಮ ಹೆದರಿಕೆ

ಕೈಕಾಲು ಮುರಿಯುತ್ತಾ? ಪೆಟ್ಟು ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭುಜ, ಮಂಡಿ, ಬೆರಳು ಇವಕ್ಕೆ ಪೆಟ್ಟಾಗುತ್ತೆ. ಹೆಣ್ಣುಮಕ್ಕಳಲ್ಲಿ ಮಂಡಿಯ ಒಳಗಿನ ಲಿಗಮೆಂಟ್ ಹರಿಯೋದು ಗಂಡುಮಕ್ಕಳಿಗಿಂತ ಜಾಸ್ತಿ. ಆದರೆ ಮೂಳೆಗಿಂತ ಹೆದರಬೇಕಾದ್ದು ತಲೆಗೆ. ಜೂಡೊ ಹುಟ್ಟಿದ ಜಪಾನಿನಲ್ಲೇ 1983ರಿಂದ ಸುಮಾರು 30 ವರ್ಷಗಳಲ್ಲಿ ಶಾಲೆಗಳ ಜೂಡೊದಲ್ಲಿ 100ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಹೆಚ್ಚಿನವರಿಗೆ ಪೆಟ್ಟಾದದ್ದು ತಲೆಗೆ. ಸರಿಯಾಗಿ ಬೀಳೋದನ್ನು ಕಲಿಸದೆ ಹೊಸಬರನ್ನು ಹಳಬರ ಕೈಗೆ ಕೊಟ್ಟಿದ್ದು, ಸುಸ್ತಾದ ಮಕ್ಕಳನ್ನು ‘ಏಳು, ಏಳು’ ಅಂತ ಮತ್ತೆ ಮತ್ತೆ ಕೆಡವಿದ್ದು ಇದಕ್ಕೆ ಕಾರಣ. ಪೋಷಕರು ಸಂಘ ಕಟ್ಟಿ ಹೋರಾಡಿದ ಮೇಲೆ ಅಲ್ಲಿ ನಿಯಮ ಬಿಗಿಯಾಯಿತು. 2022ರಲ್ಲಿ ಪ್ರಾಥಮಿಕ ಶಾಲೆ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಸ್ಪರ್ಧೆಯನ್ನೇ ಜಪಾನ್ ಜೂಡೊ ಸಂಸ್ಥೆ ನಿಲ್ಲಿಸಿಬಿಟ್ಟಿತು. ಗೆಲ್ಲಲೇಬೇಕು ಅನ್ನೋ ಹುಚ್ಚು ಮಕ್ಕಳಿಗೆ ಬೇಡ ಅಂತ.

ಇದನ್ನು ಹೆದರಿಸೋಕೆ ಬರೆದಿಲ್ಲ, ಕೋಚ್ ಹತ್ತಿರ ಏನು ಕೇಳಬೇಕು ಅನ್ನೋದು ನಿಮಗೆ ತಿಳಿಯಲಿ ಅಂತ. ಮೊದಲ ವಾರಗಳೆಲ್ಲ ಬರೀ ಬೀಳೋದನ್ನೇ ಕಲಿಸ್ತೀರಾ? ನನ್ನ ಮಗಳನ್ನು ಯಾರ ಜೊತೆ ಆಡಿಸ್ತೀರಿ, ತೂಕ-ವಯಸ್ಸು ನೋಡ್ತೀರಾ? ಚಿಕ್ಕವರಿಗೆ ಕುತ್ತಿಗೆ ಒತ್ತೋ ಪಟ್ಟು, ಕೈ ತಿರುಚೋ ಪಟ್ಟು ಕಲಿಸ್ತೀರಾ? (ಇಲ್ಲ ಅಂದ್ರೆ ಒಳ್ಳೆಯದು.) ಕೆಳಗೆ ಹಾಸಿರೋದು ಜೂಡೊ ಮ್ಯಾಟಾ, ಅಥವಾ ಸಿಮೆಂಟ್ ಮೇಲೆ ಜಮಖಾನೆಯಾ? ಕೈಯಿಂದ ಒತ್ತಿ ನೋಡಿ, ತಪ್ಪೇನಿಲ್ಲ. ಮ್ಯಾಟ್‌ಗಳ ನಡುವೆ ಬೆರಳು ಹೋಗುವಷ್ಟು ಸಂದು ಇದ್ದರೂ ಕಾಲು ಸಿಕ್ಕಿಕೊಳ್ಳುತ್ತೆ. ತಲೆಗೆ ಪೆಟ್ಟಾಗಿ ವಾಂತಿ, ತಲೆನೋವು, ಮಂಪರು ಕಂಡರೆ ‘ನಿದ್ದೆ ಮಾಡ್ಲಿ ಬಿಡಿ’ ಅನ್ನಬೇಡಿ. ಕೂಡಲೇ ಆಸ್ಪತ್ರೆ. ಡಾಕ್ಟರು ಹೇಳೋವರೆಗೆ ಮ್ಯಾಟ್ ಮುಟ್ಟೋದು ಬೇಡ.

ಹುಡುಗರ ಜೊತೆ ಆಡಬೇಕಾಗುತ್ತಾ? ಸಣ್ಣ ಊರುಗಳಲ್ಲಿ ಹುಡುಗಿಯರ ಸಂಖ್ಯೆ ಕಡಿಮೆ ಇದ್ದಾಗ ತಾಲೀಮು ಒಟ್ಟಿಗೇ ನಡೆಯುತ್ತೆ. ಸ್ಪರ್ಧೆ ಮಾತ್ರ ಬೇರೆ ಬೇರೆ. ಪಾರ್ವತಿ ಪರಮೇಶ್ವರರಿಗೆ ಒಂದೇ ಗುಡಿ ಕಟ್ಟಿ ಪೂಜಿಸೋ ಊರಿನವರು ನೀವು, ಒಂದೇ ಮ್ಯಾಟ್ ಅಂದ್ರೆ ಅಷ್ಟು ಬೆಚ್ಚಬೇಕಾಗಿಲ್ಲ. ಆದರೆ ಮಗಳಿಗೆ ಇಷ್ಟವಿಲ್ಲದಿದ್ದರೆ ‘ಹುಡುಗಿಯರ ಜೊತೆ ಮಾತ್ರ ಆಡಿಸಿ’ ಅಂತ ಕೇಳೋ ಹಕ್ಕು ಅವಳದು. ಜೂಡೊದಲ್ಲಿ ಒಂದು ನಿಯಮ ನನಗೆ ಬಹಳ ಹಿಡಿಸಿದ್ದು ಇಲ್ಲೇ. ನೋವಾದರೆ, ಸಾಕಾದರೆ ಎದುರಾಳಿಯ ಮೈಮೇಲೋ ನೆಲಕ್ಕೋ ಎರಡು ಸಲ ಕೈ ತಟ್ಟಬೇಕು. ತಟ್ಟಿದ ಕ್ಷಣ ಎದುರಿನವರು ಬಿಡಲೇಬೇಕು. ಬಿಡದವರಿಗೆ ಆ ಮ್ಯಾಟಿನ ಮೇಲೆ ಜಾಗ ಇಲ್ಲ. ಹನ್ನೆರಡು-ಹದಿಮೂರು ವರ್ಷದ ಹುಡುಗಿ ದಿನಾ ಇದನ್ನು ಅನುಭವಿಸೋದು ಸಣ್ಣ ವಿಷಯವಲ್ಲ.

ಕೋಚ್ ಬಗ್ಗೆ ನಿಷ್ಠುರವಾಗಿಯೇ ಹೇಳ್ತೀನಿ. ಮೈಗೆ ಮೈ ತಾಗುವ ಆಟ ಇದು, ಹಿಡಿತ ಕಲಿಸುವಾಗ ಮುಟ್ಟಲೇಬೇಕು. ಹಾಗಾಗಿ ಮುಟ್ಟೋದು ಎಲ್ಲರೆದುರು ಮ್ಯಾಟ್ ಮೇಲೆ ಮಾತ್ರ, ಬಾಗಿಲು ತೆರೆದಿರಬೇಕು, ಒಬ್ಬಳನ್ನೇ ಬೇರೆ ಹೊತ್ತಿಗೆ ಕರೆಯಬಾರದು, ಊರಿಂದಾಚೆ ಸ್ಪರ್ಧೆಗೆ ಹೋಗುವಾಗ ಮಹಿಳಾ ಮ್ಯಾನೇಜರ್ ಅಥವಾ ಯಾರಾದರೂ ತಾಯಿ ಜೊತೆಗಿರಬೇಕು. ಹೊಡೆಯೋದು ‘ಶಿಸ್ತು’ ಅಲ್ಲ. ಜಪಾನಿನ 15 ಮಂದಿ ಮಹಿಳಾ ಜೂಡೊ ಪಟುಗಳು ತಮ್ಮ ರಾಷ್ಟ್ರೀಯ ತಂಡದ ಕೋಚ್ ಹೊಡೀತಾರೆ, ಬೈತಾರೆ ಅಂತ ದೂರು ಕೊಟ್ಟರು. 2013ರಲ್ಲಿ ಅದು ಬಯಲಾಗಿ ಆ ಕೋಚ್ ರಾಜೀನಾಮೆ ಕೊಡಬೇಕಾಯಿತು. ಅಂಥ ದೊಡ್ಡ ಆಟಗಾರ್ತಿಯರಿಗೇ ಬಾಯಿ ಬಿಡೋಕೆ ಹದಿನೈದು ಜನ ಒಟ್ಟಾಗಬೇಕಾಯಿತು ಅಂದ್ರೆ, ನಿಮ್ಮ ಮಗಳು ಒಬ್ಬಳೇ ಹೇಗೆ ಹೇಳ್ತಾಳೆ? 2023ರ ಜನವರಿಯಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ನಮ್ಮ ಕುಸ್ತಿ ಹೆಣ್ಣುಮಕ್ಕಳು ಬೀದಿಯಲ್ಲಿ ಕೂತಿದ್ದನ್ನು ನೀವೂ ಟೀವಿಯಲ್ಲಿ ನೋಡಿದ್ದೀರಿ. ‘ಏನಾದ್ರೂ ಆದ್ರೆ ಆಟ ಬಿಡಿಸಿಬಿಡ್ತೀನಿ’ ಅಂತ ಮೊದಲೇ ಹೇಳಿಟ್ಟರೆ ಮಗಳು ನಿಮಗೆ ಏನನ್ನೂ ಹೇಳೋದಿಲ್ಲ, ನೆನಪಿರಲಿ. ‘ಏನಾದ್ರೂ ಆದ್ರೆ ನನಗ ಹೇಳು, ಆಟ ಬಿಡಿಸೂದಿಲ್ಲ, ಅವನನ್ನ ಬಿಡಿಸ್ತೀನಿ’ ಅನ್ನಿ. 18 ವರ್ಷದೊಳಗಿನ ಮಕ್ಕಳಿಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಇದೆ, ಮಕ್ಕಳ ಸಹಾಯವಾಣಿ 1098 ಮನೆ ಗೋಡೆ ಮೇಲೆ ಬರೆದಿಡಿ.

ಮುಟ್ಟಿನ ದಿನಗಳು? ಬಿಳಿ ಪ್ಯಾಂಟು ಅಂದಾಗಲೇ ಎಷ್ಟೋ ಹುಡುಗಿಯರು ಹಿಂದೆ ಸರೀತಾರೆ, ಬಾಯಿಬಿಟ್ಟು ಹೇಳೋದಿಲ್ಲ. ಒಳಗೆ ದಪ್ಪನೆಯ ಬಿಗಿ ಚಡ್ಡಿ, ಚೀಲದಲ್ಲಿ ಇನ್ನೊಂದು ಪ್ಯಾಂಟು, ಎರಡು ಪ್ಯಾಡು. ಇಷ್ಟಿದ್ದರೆ ಧೈರ್ಯ ಬರುತ್ತೆ. ಹೊಟ್ಟೆನೋವು ಜೋರಿದ್ದ ದಿನ ರಜೆ, ಇಲ್ಲದಿದ್ದರೆ ಆಡೋದಕ್ಕೆ ಅಡ್ಡಿಯಿಲ್ಲ. ಅಂಗಿ ಬಿಚ್ಚಿಕೊಂಡರೆ ಅನ್ನೋ ಭಯವೂ ಬೇಡ. ಹೆಂಗಸರು ಒಳಗೆ ಬಿಳಿ ಟೀ ಶರ್ಟ್ ಹಾಕಲೇಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಬಳೆ, ಬೆಂಡವಾಲಿ, ಮೂಗುಬಟ್ಟು, ಕಬ್ಬಿಣದ ಕ್ಲಿಪ್ಪು ಎಲ್ಲ ಮನೆಯಲ್ಲೇ ಇರಲಿ. ಮದುವೆಯಾದವರು ಕಲಿಯಲು ಬಂದರೆ ತಾಳಿಯನ್ನೂ ತೆಗೆದಿಡಬೇಕಾಗುತ್ತೆ. ಅದಕ್ಕೆ ಮನೆಯಲ್ಲಿ ರಗಳೆ ಆಗೋದಾದರೆ ಮೊದಲೇ ಮಾತಾಡಿಕೊಳ್ಳಿ.

ಊಟದ ವಿಷಯದಲ್ಲಿ ತಾಯಂದಿರು ಗಟ್ಟಿಯಾಗಿ ನಿಲ್ಲಬೇಕು. ಸ್ಪರ್ಧೆ ಹತ್ತಿರ ಬಂದಾಗ ‘ಎರಡು ಕೆ.ಜಿ. ಇಳಿಸು, ಕೆಳಗಿನ ವಿಭಾಗದಲ್ಲಿ ಆಡು’ ಅಂತಾರೆ. ನೀರು ಬಿಡಿಸೋದು, ಬಿಸಿಲಲ್ಲಿ ಓಡಿಸೋದು ಶುರುವಾಗುತ್ತೆ. ದಕ್ಷಿಣ ಕೊರಿಯಾದ ಚುಂಗ್ ಸೆ-ಹೂನ್ ಎಂಬ ಯುವಕ 1996ರಲ್ಲಿ ಹೀಗೇ ತೂಕ ಇಳಿಸಲು ಹೋಗಿ ಬಿಸಿಹಬೆಯ ಕೋಣೆಯಲ್ಲೇ ಸತ್ತ. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡಾಗ ಇಡೀ ದೇಶ ಅತ್ತಿತು. ಆದರೆ ಆ ಹಿಂದಿನ ರಾತ್ರಿಯೆಲ್ಲ ಆಕೆ ನೀರು-ಅನ್ನ ಬಿಟ್ಟು ಬೆವರು ಹರಿಸಿದ್ದನ್ನು ನಾವು ಅಷ್ಟಾಗಿ ಮಾತಾಡಲಿಲ್ಲ. ಬೆಳೆಯೋ ಹುಡುಗಿ ಯಾವ ತೂಕಕ್ಕೆ ಬರ್ತಾಳೋ ಆ ವಿಭಾಗದಲ್ಲೇ ಆಡಲಿ. ಅವಳಿಗೆ ಪೌಡರ್ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ, ಮಡಕಿಕಾಳು, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು, ಮೊಸರು, ತಿನ್ನೋರ ಮನೆಯಾದ್ರೆ ಮೊಟ್ಟೆ. ನಮ್ಮ ಕಡೆ ಅಡುಗೆಮನೆಯಲ್ಲೇ ಎಲ್ಲ ಇದೆ. ಒಂದೇ ವಿನಂತಿ: ಅಣ್ಣನಿಗೆ ಹಾಕಿದಷ್ಟೇ ಹಾಲು-ಮೊಸರು ಅವಳ ತಟ್ಟೆಗೂ ಬೀಳಲಿ. ಸುಸ್ತು, ಮುಖ ಬಿಳಿಚಿದ ಹಾಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ.

ಬೀಳೋದನ್ನ ನೀವೂ ಕಲೀರಿ

ನಿಮ್ಮ ಮಗಳು ಮೊದಲ ತಿಂಗಳು ಮನೆಗೆ ಬಂದು ‘ಇವತ್ತೂ ಬೀಳೋದನ್ನೇ ಕಲಿಸಿದ್ರು’ ಅಂತ ಗೊಣಗಿದರೆ ಖುಷಿಪಡಿ. ಅದಕ್ಕೆ ‘ಉಕೆಮಿ’ ಅಂತಾರೆ. ಗದ್ದವನ್ನು ಎದೆಗೆ ಒತ್ತಿ ಹಿಡಿಯಬೇಕು, ಆಗ ತಲೆ ನೆಲಕ್ಕೆ ಬಡಿಯೋದಿಲ್ಲ. ಬೆನ್ನು ಬಿಲ್ಲಿನ ಹಾಗೆ ದುಂಡಗಾಗಬೇಕು. ನೆಲ ಮುಟ್ಟುವ ಹೊತ್ತಿಗೆ ತೋಳು-ಅಂಗೈ ಚಾಚಿ ನೆಲಕ್ಕೆ ರಪ್ಪಂತ ಬಡಿಯಬೇಕು. ಬಿದ್ದ ಏಟು ಒಂದೇ ಕಡೆ ಕೂರದೆ ಹಂಚಿಹೋಗುತ್ತೆ. ನಾವೆಲ್ಲ ಜಾರಿದಾಗ ಮಾಡೋದು ಇದರ ಉಲ್ಟಾ. ಅಂಗೈ ಊರಿ ತಡೆಯೋಕೆ ಹೋಗ್ತೀವಿ, ಮಣಿಕಟ್ಟು ಮುರಿಯುತ್ತೆ. ಬಚ್ಚಲಲ್ಲಿ ಜಾರಿ, ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಮಣಿಕಟ್ಟಿಗೋ ಸೊಂಟಕ್ಕೋ ಏಟು ಮಾಡ್ಕೊಂಡ ಅತ್ತೆ-ಅಮ್ಮಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ನಿಮಗೆ ನಲವತ್ತರ ಆಸುಪಾಸು, ಸೊಂಟ-ಕುತ್ತಿಗೆ ನೋವಿಲ್ಲ ಅಂದ್ರೆ ಮಗಳ ಕೋಚ್ ಹತ್ತಿರವೇ ಕೂತ ಭಂಗಿಯಿಂದ ಹಿಂದಕ್ಕೆ ಉರುಳೋದನ್ನು ಕಲೀಬಹುದು. ಮನೆಯಲ್ಲಿ ಮಂಚದ ಮೇಲೆ ನೀವೇ ಪ್ರಯೋಗ ಮಾಡೋದು ಬೇಡ. ವಯಸ್ಸಾದ ಅತ್ತೆಯವರಿಗಂತೂ ಬೇಡವೇ ಬೇಡ. ಅವರಿಗೆ ಬಚ್ಚಲಲ್ಲಿ ಒಂದು ಹಿಡಿ ಹಾಕಿಸಿ, ಅಷ್ಟು ಸಾಕು.

ಎಲ್ಲಿಗೆ ಹೋಗೋದು?

ಹರ್ತಿಯಿಂದ ಗದಗ ಸುಮಾರು 12 ಕಿ.ಮೀ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಇರೋ ಚಿಂತೆ ಸಂಜೆಯದು. ತಾಲೀಮು ಮುಗಿಯೋದು ಎಷ್ಟಕ್ಕೆ, ವಾಪಸು ಬಸ್ ಎಷ್ಟಕ್ಕೆ, ಬಸ್ ತಪ್ಪಿದರೆ ಯಾರ ಮನೆ? ಇದನ್ನು ಅಪ್ಪನ ಜೊತೆ ಕೂತು ಮೊದಲೇ ಲೆಕ್ಕ ಹಾಕಿ. ಇಬ್ಬರು ಮೂವರು ಹುಡುಗಿಯರು ಸೇರಿ ಹೋದರೆ ಅರ್ಧ ಸಮಸ್ಯೆ ಕರಗುತ್ತೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ತಾಯಂದಿರಿಗೂ ಇದೇ ಮಾತು.

ಗದಗದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಇದೆ. ಅಲ್ಲಿಗೆ ಖುದ್ದಾಗಿ ಹೋಗಿ ಎರಡು ಪ್ರಶ್ನೆ ಕೇಳಿ. ಜಿಲ್ಲೆಯಲ್ಲಿ ಜೂಡೊ ಕಲಿಸೋರು ಯಾರಿದ್ದಾರೆ? ಕ್ರೀಡಾ ವಸತಿನಿಲಯದ ಆಯ್ಕೆ ಯಾವಾಗ? ಈ ಆಯ್ಕೆಗೆ ವಯಸ್ಸಿನ, ತರಗತಿಯ ಮಿತಿ ಇರುತ್ತೆ. ಒಂದು ವರ್ಷ ತಡವಾದರೆ ಅವಕಾಶ ತಪ್ಪಿತು, ಹಾಗಾಗಿ ‘ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನೋಡೋಣ’ ಅನ್ನೋದು ಇಲ್ಲಿ ‘ಬೇಡ’ ಅಂದ ಹಾಗೇ. ಬೆಳಗಾವಿಯ ವಸತಿನಿಲಯದಲ್ಲಿ ಮಲಪ್ರಭಾ ಕಲಿತದ್ದು ಇದೇ ದಾರಿಯಲ್ಲಿ. ಶಾಲಾ ಕ್ರೀಡಾಕೂಟದಲ್ಲೂ ಜೂಡೊ ಇದೆ, ಶಾಲೆಯ ಪಿ.ಟಿ. ಮೇಷ್ಟ್ರಿಗೆ ಹೇಳಿ ಹೆಸರು ಕಳಿಸೋದು ಅವರ ಕೆಲಸ, ನೆನಪಿಸೋದು ನಿಮ್ಮ ಕೆಲಸ. ಖೇಲೋ ಇಂಡಿಯಾದಲ್ಲಿ ಹೆಣ್ಣುಮಕ್ಕಳಿಗೇ ಅಂತ ಜೂಡೊ ಪಂದ್ಯಾವಳಿ ನಡೆಸಿದ್ದಾರೆ. ಹತ್ತಿರದಲ್ಲಿ ಜೂಡೊ ಸಿಗದಿದ್ದರೆ ಕುಸ್ತಿಯಿಂದಲೇ ಶುರುಮಾಡಬಹುದು. ಗದಗ ಜಿಲ್ಲೆಯ ಹುಡುಗಿಯರು ಕುಸ್ತಿಯಲ್ಲಿ ಒಳ್ಳೆ ಹೆಸರು ಮಾಡಿದ್ದಾರೆ, ಜಾತ್ರೆ ಕುಸ್ತಿ ಅಂದ್ರೆ ಗಂಡಸರದೇ ಅನ್ನೋ ಕಾಲ ಹೋಯಿತು. ಸೊಂಟದ ಬಲ, ತೂಕ ಹಿಡಿಯೋ ಅಂದಾಜು ಕುಸ್ತಿಯಿಂದ ಬಂದರೆ ಮುಂದೆ ಜೂಡೊಗೂ ಬಂಡವಾಳವೇ.

‘ಪದಕ ಬರದಿದ್ರೆ?’ ಅಂತ ಅಪ್ಪ ಕೇಳ್ತಾರೆ. ಹೆಚ್ಚಿನವರಿಗೆ ಬರೋದಿಲ್ಲ, ನಿಜ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಪೊಲೀಸ್, ರೈಲ್ವೆ, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾದ ಬಾಗಿಲು ಇದೆ. ಅಷ್ಟೂ ಆಗದಿದ್ದರೆ ಮೂರು ವರ್ಷ ಚೆನ್ನಾಗಿ ಉಂಡು, ಚೆನ್ನಾಗಿ ನಿದ್ದೆ ಮಾಡಿ, ನೆಟ್ಟಗೆ ನಡೆಯೋದನ್ನು ಕಲಿತ ಮಗಳು ಮನೆಯಲ್ಲಿರ್ತಾಳೆ. ಮೂರು ತಿಂಗಳ ನಂತರ ‘ನನಗೆ ಬೇಡ’ ಅಂದರೂ ಬಿಡಿ, ದುಡ್ಡು ಹೋಯ್ತು ಅಂತ ಹಂಗಿಸಬೇಡಿ.

ದುಡ್ಡು ಅಂದ ಕೂಡಲೇ ನೆನಪಾಯಿತು. ಜೂಡೊ ಅಂಗಿಗೆ ‘ಜೂಡೊಗಿ’ ಅಂತಾರೆ. ಮೊದಲ ದಿನವೇ ಕೊಳ್ಳಬೇಡಿ, ಒಂದು ತಿಂಗಳು ಟ್ರ್ಯಾಕ್ ಪ್ಯಾಂಟಿನಲ್ಲಿ ಬೀಳೋದನ್ನು ಕಲಿಯಲಿ. ಅಂತರರಾಷ್ಟ್ರೀಯ ಮುದ್ರೆ ಇರೋ ಅಂಗಿ ದುಬಾರಿ, ಕಲಿಯೋ ಮಕ್ಕಳಿಗೆ ಅದು ಬೇಕಾಗಿಲ್ಲ. ಸಾದಾ ಅಂಗಿ, ಸಾಧ್ಯವಾದರೆ ದೊಡ್ಡ ಹುಡುಗಿಯರಿಗೆ ಗಿಡ್ಡಾದದ್ದು ಸಿಕ್ಕರೂ ನಡೆಯುತ್ತೆ. ಹೊಸದಾದರೆ ಒಂದು ಸೈಜ್ ದೊಡ್ಡದೇ ತಗೊಳ್ಳಿ, ಹತ್ತಿಬಟ್ಟೆ, ಮೊದಲ ಒಗೆತಕ್ಕೇ ಕುಗ್ಗುತ್ತೆ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವಿ. ಬಟ್ಟೆ ದಪ್ಪ ಇರೋದರಿಂದ ಮಳೆಗಾಲದಲ್ಲಿ ಒಣಗೋಕೆ ಎರಡು ದಿನ ಬೇಕು, ಹಾಗಾಗಿ ತಾಲೀಮಿನಿಂದ ಬಂದ ಕೂಡಲೇ ಚೀಲದಿಂದ ತೆಗೆಯೋದನ್ನು ಅವಳಿಗೇ ರೂಢಿ ಮಾಡಿಸಿ. ಒಗೆಯೋದನ್ನೂ.